ತೊಟ್ಟಿಗೆ ತಳ್ಳಿದ್ದು

ನನ್ನ ಚಿಕ್ಕಪ್ಪನ ಮಗಳಿಗೂ ನನಗೂ ಚಿಕ್ಕಂದಿನಿಂದ ಆಗುತ್ತಿರಲಿಲ್ಲ. ತಾಯಲೂರಿನ ಹತ್ತಿರ ಒಂದೇ ಗೋಡೆಯ ಆಚೆ ಈಚೆ ಬೆಳೆದವರು ನಾವು. ವಯಸ್ಸಿನಲ್ಲಿ ನಾನು ಸ್ವಲ್ಪ ದೊಡ್ಡವಳಾದರೂ ಅವಳು ಒಂದು ದಿನವೂ ನನ್ನನ್ನು ಅಕ್ಕ ಅನ್ನಲಿಲ್ಲ. ಅವಳು ಬೆಳ್ಳಗಿದ್ದಾಳೆ, ಚೆನ್ನಾಗಿ ಓದುತ್ತಾಳೆ ಎಂದು ನನ್ನ ಮನೆಯಲ್ಲಿ ನನ್ನನ್ನು ಚುಚ್ಚುತ್ತಿದ್ದರು. ನಾನು ಗಟ್ಟಿಮುಟ್ಟಾಗಿದ್ದೇನೆ, ಹೊಲದಲ್ಲಿ ದುಡಿಯುತ್ತೇನೆ ಎಂದು ಅವಳ ಮನೆಯಲ್ಲಿ ಅವಳನ್ನು ಚುಚ್ಚುತ್ತಿದ್ದರು. ಹಾಗೆ ಎರಡೂ ಮನೆಯವರು ಸೇರಿ ನಮ್ಮ ದ್ವೇಷವನ್ನು ಚೆನ್ನಾಗಿಯೇ ಸಾಕಿದರು.

ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ವರ್ಷ ನಾನು ಮುಳಬಾಗಿಲಿನ ಒಂದು ತರಬೇತಿ ಕೇಂದ್ರಕ್ಕೆ ಸೇರಿದೆ. ನಡೆಸುತ್ತಿದ್ದವನು ಮಿಲಿಟರಿಯಿಂದ ಬಂದವನಂತೆ. ಅದು ನಿಜವೋ ಸುಳ್ಳೋ ನಮಗೆ ಗೊತ್ತಿರಲಿಲ್ಲ, ಆದರೆ ಕೂಗಾಟ ಮಾತ್ರ ಮಿಲಿಟರಿಯದೇ. ಓಡುವ ಮೊದಲು ನೀರು ಕುಡಿಯುವಂತಿಲ್ಲ, ಓಡಿದ ಮೇಲೂ ಅವನು ಹೇಳುವವರೆಗೆ ಕುಡಿಯುವಂತಿಲ್ಲ. "ನೀರು ಕುಡಿದ್ರೆ ಹೊಟ್ಟೆ ಭಾರ ಆಗತ್ತೆ, ಓಡಕ್ಕಾಗಲ್ಲ," ಎನ್ನುತ್ತಿದ್ದ. ಓಟ ಮುಗಿದ ತಕ್ಷಣ ಸಾಲಾಗಿ ಅಲ್ಲಾಡದೆ ಅಟೆನ್ಷನ್‌ನಲ್ಲಿ ನಿಲ್ಲಬೇಕು. ಎದೆ ಕಿವಿಯೊಳಗೇ ಬಡಿಯುತ್ತಿರುವಾಗ ಕಲ್ಲಿನ ಹಾಗೆ ನಿಲ್ಲುವುದು ಓಡುವುದಕ್ಕಿಂತ ಕಷ್ಟ. ನನಗೆ ಕಣ್ಣು ಮಂಜಾಗುತ್ತಿತ್ತು. ಕದ್ದು ಕಾಲ್ಬೆರಳು ಆಡಿಸುತ್ತಿದ್ದೆ. ಸಿಕ್ಕಿಬಿದ್ದರೆ ಬೈಗುಳ.

ಬೇಸಿಗೆ ಏರುತ್ತಿದ್ದಾಗ ಚಿಕ್ಕಪ್ಪನ ಮಗಳೂ ಬಂದು ಸೇರಿದಳು. ಅಲ್ಲಿಯವರೆಗೆ ಮಾಲೂರಿನ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಫ್ಯಾನಿನ ಕೆಳಗೆ ಕೂತು ಹೊಲಿಯುತ್ತಿದ್ದಳು. ನಾನೋ ಬೆಳಗ್ಗೆ ಓಡಿ, ಮಧ್ಯಾಹ್ನ ಟೊಮೊಟೊ ತೋಟದಲ್ಲಿ ಬಗ್ಗಿ, ಆ ಬಿಸಿಲಿಗೆ ಒಗ್ಗಿಹೋಗಿದ್ದೆ. ಬಂದ ದಿನವೇ ಅವಳು ಎಲ್ಲರ ಮುಂದೆ, "ಇವಳೇ ಓಡ್ತಾಳೆ ಅಂದ್ರೆ ನಂಗೇನು ಕಷ್ಟ ಬಿಡಿ," ಅಂದಳು. ಹುಡುಗಿಯರು ನಕ್ಕರು. ತರಬೇತುದಾರನೂ ನಕ್ಕ. ಆ ನಗು ಈಗಲೂ ನನಗೆ ಉರಿಯುತ್ತದೆ.

ಅದೇ ವಾರ ಒಂದು ದಿನ ಮೈದಾನ ಯಾವುದೋ ಕಾರ್ಯಕ್ರಮಕ್ಕೆ ಹೋಗಿತ್ತು. ಅವನು ನಮ್ಮನ್ನು ಆವನಿ ರಸ್ತೆಗೆ ಕರೆದೊಯ್ದ. ಟೆಂಪೊ ತಡವಾಗಿ ಬಂತು. ಓಟ ಶುರುವಾಗುವ ಹೊತ್ತಿಗೆ ಡಾಂಬರು ಬೂಟಿನ ಒಳಗೂ ಸುಡುವಷ್ಟು ಬಿಸಿಲೇರಿತ್ತು. ಬಂಡೆಗಳ ಕಡೆಯಿಂದ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಎಂದಿನ ವೇಗಕ್ಕೇ ನನ್ನ ಎದೆ ಎಂದಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ನಾನು ವೇಗ ಕಡಿಮೆ ಮಾಡಿದೆ. ಅವಳು ನನ್ನನ್ನು ದಾಟಿ ಹೋದಳು. ಹೋಗುವಾಗ ತಿರುಗಿ ನೋಡಿದಳು. ಮುಖ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಮುಗಿಸಿ ಸಾಲಿನಲ್ಲಿ ನಿಂತಾಗ ಅವಳು ತೂಗಾಡಿ ಕುಸಿದಳು. ಮಲಗಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು.

"ನಾಟಕ ಆಡಬೇಡ, ಏಳು," ಅಂದ ಅವನು. "ಇನ್ನೊಂದ್ ರೌಂಡ್ ಹೊಡಿ. ಎಲ್ಲ ಸರಿ ಹೋಗತ್ತೆ."

ಅವಳು ಎದ್ದಳು. ನನ್ನ ಮುಂದೆ ಸೋಲಬಾರದು ಎಂಬ ಹಟಕ್ಕೇ ಎದ್ದಳು ಎಂದು ನನಗೆ ಖಾತ್ರಿ. ಹೋಗಿ ಬರುವಾಗ ರಸ್ತೆಯ ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ವಾಲುತ್ತಿದ್ದಳು. ನನ್ನ ಹತ್ತಿರ ಬಂದು ನಿಂತು, ನಾನು ಯಾರೆಂದೇ ಗೊತ್ತಿಲ್ಲದವಳ ಹಾಗೆ ತೆಲುಗಿನಲ್ಲಿ ಮಾತಾಡತೊಡಗಿದಳು. "ಅಮ್ಮಾ, ಆವುಲು ವಚ್ಚೇಸಾಯಿ, ಗೇಟು ತೀಯಿ." ಹಸುಗಳು ಬಂದಿವೆ, ಗೇಟು ತೆಗಿ ಅಂತ. ಮನೆಯಲ್ಲಿ ನಾವೆಲ್ಲ ತೆಲುಗೇ ಆಡುತ್ತೇವೆ, ಆದರೆ ಅವಳು ನನ್ನನ್ನು ಅಮ್ಮ ಅಂದಾಗ ನಾನು ತೋಳು ಹಿಡಿದುಕೊಂಡೆ. ಅವಳ ಮೈಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಆದರೂ ಕಾದ ಹಂಚು ಮುಟ್ಟಿದ ಹಾಗೆ. ಹಿಡಿದಿರುವಾಗಲೇ ಬಿದ್ದಳು. ಈ ಸಲ ಕಣ್ಣು ಬಿಡಲಿಲ್ಲ.

ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಬೋರ್‌ವೆಲ್ಲಿನ ಸಿಮೆಂಟು ತೊಟ್ಟಿಯಿತ್ತು. ನಾನು ಅವಳ ಕಂಕುಳಿಗೆ ಕೈ ಹಾಕಿ ಎಳೆಯತೊಡಗಿದೆ.

"ಏಯ್, ಕಾದ ಮೈಗೆ ತಣ್ಣೀರ್ ಹಾಕ್ಬಾರ್ದು! ಲಕ್ವ ಹೊಡಿಯತ್ತೆ!" ಎಂದು ಅವನು ಅಡ್ಡ ಬಂದ. "ನೆರಳಲ್ಲಿ ಮಲಗಿಸು. ಈರುಳ್ಳಿ ಮೂಸಿಸೋಣ."

"ನೀನೇ ಮೂಸಿಕೋ ಹೋಗು. ಆಂಬುಲೆನ್ಸಿಗೆ ಫೋನ್ ಮಾಡು ಮೊದ್ಲು."

ಅವನನ್ನು ಅಲ್ಲಿಯವರೆಗೆ ಯಾರೂ ಏಕವಚನದಲ್ಲಿ ಮಾತಾಡಿಸಿರಲಿಲ್ಲ. ನನ್ನ ಭುಜ ಹಿಡಿದ. ಮೊಣಕೈಯಿಂದ ತಿವಿದೆ. ಇಬ್ಬರು ಹುಡುಗಿಯರು ಅವಳ ಕಾಲು ಹಿಡಿದರು. ಮೂವರೂ ಸೇರಿ ಅವಳನ್ನು ತೊಟ್ಟಿಗೆ ತಳ್ಳಿದೆವು. ತಲೆ ಮುಳುಗದ ಹಾಗೆ ನಾನು ಒಳಗಿಳಿದು ಕತ್ತು ಹಿಡಿದುಕೊಂಡೆ. ಕಾಲು ಹಿಡಿದವರಲ್ಲಿ ಒಬ್ಬಳು ಆಂಬುಲೆನ್ಸಿಗೆ ಫೋನು ಮಾಡಿದಳು.

ನನಗೇನೂ ವೈದ್ಯಕೀಯ ಗೊತ್ತಿರಲಿಲ್ಲ. ಅಷ್ಟು ಸುಡುವ ಮೈಯನ್ನು ನೀರಿಗೆ ಹಾಕದೆ ಇನ್ನೇನು ಮಾಡುವುದು ಎಂದಷ್ಟೇ ತೋಚಿತ್ತು. ಪ್ರೀತಿಯಿಂದ ಮಾಡಿದೆ ಎಂದೂ ಹೇಳಲಾರೆ. ಅವಳ ಕೂದಲು ಕೈಯಲ್ಲಿ ಹಿಡಿದು, "ಸಾಯಬೇಡ ಕಣೇ, ಮೂದೇವಿ, ಎಲ್ಲಾ ನನ್ ತಲೆಗೇ ಬರತ್ತೆ," ಎಂದು ಬೈಯುತ್ತಲೇ ಇದ್ದೆ. ಆಂಬುಲೆನ್ಸು ಬರುವ ಹೊತ್ತಿಗೆ ಅವಳು ನರಳತೊಡಗಿದ್ದಳು.

ಮುಳಬಾಗಿಲಿನಿಂದ ಅವಳನ್ನು ಕೋಲಾರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತ್ತು, ಕಿಡ್ನಿಗೆ ಪೆಟ್ಟಾಗಿತ್ತು. ಐಸಿಯುವಿನ ಹೊರಗೆ ಒಬ್ಬ ವೈದ್ಯೆ ನನ್ನನ್ನು ನಿಲ್ಲಿಸಿ ನಡೆದದ್ದನ್ನೆಲ್ಲ ಕೇಳಿದರು.

"ಓಡುವಾಗ ಕಾಲಿಗೆ ರಕ್ತ ಬೇಕು," ಅಂದರು. "ಬಿಸಿಲಲ್ಲಿ ಚರ್ಮಕ್ಕೂ ಬೇಕು, ಒಳಗಿನ ಕಾವು ಹೊರಗೆ ಹಾಕೋಕೆ. ಇರೋ ರಕ್ತ ಒಂದೇ. ಬೆವರು ಹೋಗ್ತಾ ಹೋಗ್ತಾ ಅದೂ ಕಡಿಮೆ ಆಗತ್ತೆ. ಒಂದೊಂದು ಬಡಿತಕ್ಕೆ ಸಿಗೋದು ಕಡಿಮೆ ಆದಾಗ ಹೃದಯ ಬಡಿತ ಜಾಸ್ತಿ ಮಾಡತ್ತೆ. ಮೈ ಹೊಟ್ಟೆಗೆ, ಕಿಡ್ನಿಗೆ ಹೋಗೋ ರಕ್ತನ ಕಡಿಮೆ ಮಾಡಿ ಕಾಲಿಗೆ, ಚರ್ಮಕ್ಕೆ ಕೊಡತ್ತೆ. ಅದೂ ಸಾಲದೆ ಹೋದಾಗ ಕಾವು ಒಳಗೇ ಏರಿ ತಲೆಗೆ ಹತ್ತತ್ತೆ."

"ಮೊದಲ್ನೇ ಸಲ ಬಿದ್ದು ಬೇಗ ಕಣ್ಬಿಟ್ಟಳಲ್ಲ?"

"ಓಡಿ ತಕ್ಷಣ ನಿಂತ್ರೆ ರಕ್ತ ಕಾಲಲ್ಲೇ ನಿಲ್ಲತ್ತೆ. ಕಾಲು ಆಡ್ತಿದ್ರೆ ಸ್ನಾಯು ಅದನ್ನ ಮೇಲಕ್ಕೆ ಹಿಂಡತ್ತೆ. ಯಾರು ಅಲ್ಲಾಡದೆ ನಿಲ್ಲಿಸಿದ್ದು ನಿಮ್ಮನ್ನ? ಆಮೇಲೆ ಮತ್ತೆ ಯಾಕೆ ಓಡಿಸಿದ್ರು?" ನನ್ನ ಮೇಲೆಯೇ ರೇಗಿದರು. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರವಾದರೂ ಬೇಕು, ಅವಳಿಗೆ ಅದು ಸಿಗಲಿಲ್ಲ ಎಂದರು. ನೀರಿಗೆ ಹಾಕಿದ್ದು ಸರಿಯೋ ತಪ್ಪೋ ಎಂದು ಕೇಳಿದೆ. "ಅದು ಮಾಡ್ದೆ ಇದ್ದಿದ್ರೆ ನಾವಿಲ್ಲಿ ಹೀಗೆ ಮಾತಾಡ್ತಿರ್ಲಿಲ್ಲ," ಅಂದರು.

ಊರಿಗೆ ಹೋದಾಗ ಕಥೆ ನನಗಿಂತ ಮೊದಲೇ ಹೋಗಿತ್ತು. ತರಬೇತುದಾರ ಚಿಕ್ಕಪ್ಪನಿಗೆ ಫೋನು ಮಾಡಿ, ಹುಡುಗಿ ಬರೀ ಸುಸ್ತಾಗಿದ್ದಳು, ನಿಮ್ಮಣ್ಣನ ಮಗಳೇ ಹೊಟ್ಟೆಕಿಚ್ಚಿಗೆ ನೀರಲ್ಲಿ ಅದ್ದಿ ಹಾಳುಮಾಡಿದಳು ಎಂದಿದ್ದನಂತೆ. ಚಿಕ್ಕಮ್ಮ ನಮ್ಮ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಗಂಡಸ್ರ ಮುಂದೆ ಒದ್ದೆ ಬಟ್ಟೇಲಿ ಮಲಗಿಸಿದ್ಯಲ್ಲೇ, ನಾಳೆ ಇವಳನ್ನ ಯಾರೇ ಮಾಡ್ಕೋತಾರೆ?" ವೈದ್ಯೆ ಹೇಳಿದ್ದನ್ನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನಪ್ಪ ಕೂಡ, "ನಿನಗ್ಯಾಕ್ ಬೇಕಿತ್ತು ಇಲ್ಲದ ಉಸಾಬರಿ?" ಅಂದ.

ಮಾರನೇ ದಿನ ಮೈದಾನಕ್ಕೆ ಹೋದೆ. ಅವನು ಹೊಸಬರನ್ನು ಸಾಲಾಗಿ ಅಟೆನ್ಷನ್‌ನಲ್ಲಿ ನಿಲ್ಲಿಸಿದ್ದ. ನಾನು ಅವರ ಮುಂದೆಯೇ ನಿಂತು, "ಕಾಲು ಆಡ್ಸಿ, ನಡೀರಿ. ನೀರ್ ಕುಡೀರಿ. ಇವನ ಮಾತು ಕೇಳಿದ್ರೆ ಕೋಲಾರದ ಐಸಿಯು ನೋಡ್ತೀರ," ಅಂದೆ. ಅವನು ಕೊಟ್ಟ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕೆಲವರು ನಡೆದಾಡಿದರು. ಹೆಚ್ಚಿನವರು ಹಾಗೇ ನಿಂತಿದ್ದರು. ಅವನ ತರಬೇತಿ ಕೇಂದ್ರ ಈಗಲೂ ನಡೆಯುತ್ತಿದೆ, ಬೋರ್ಡು ಮೊದಲಿಗಿಂತ ದೊಡ್ಡದಾಗಿದೆ.

ನಾನು ಕೆರೆ ಏರಿಯ ಮೇಲೆ ಒಬ್ಬಳೇ ಓಡಿ ಅಭ್ಯಾಸ ಮಾಡಿ ಆಯ್ಕೆಯಾದೆ. ಆ ಬೇಸಿಗೆಯಲ್ಲಿ ಓಡಬಾರದೆಂದು ವೈದ್ಯರು ಹೇಳಿದ್ದರಿಂದ ಅವಳಿಗೆ ಆ ಸಲದ ಪರೀಕ್ಷೆ ತಪ್ಪಿತು, ಆಮೇಲೆ ಅವಳು ಪ್ರಯತ್ನಿಸಲೇ ಇಲ್ಲ. ಕಿಡ್ನಿ ಸರಿಹೋಯಿತು. ಈಗ ಶ್ರೀನಿವಾಸಪುರದಲ್ಲಿ ಗಂಡನ ಜೊತೆ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ.

ಹೋದ ವರ್ಷ ಮಾಲೂರಿನಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ಎದುರುಬದುರಾದೆವು. ಯಾರೋ ಅತ್ತೆ, "ಇವಳಿಂದಲೇ ಅಲ್ವೇನೇ ನೀನ್ ಬದುಕಿದ್ದು," ಅಂದುಬಿಟ್ಟಳು. ಅವಳ ಮುಖ ಗಂಟಾಯಿತು.

"ಇದೊಂದನ್ನ ಸಾಯೋವರ್ಗೂ ಕೇಳ್ಬೇಕಾ ನಾನು?" ಅಂದಳು. "ನಿನ್ನ ಯಾರೇ ಕೇಳಿದ್ರು ಎತ್ತು ಅಂತ?"

"ನೀನು ಕೇಳೋ ಸ್ಥಿತೀಲಿ ಇರ್ಲಿಲ್ಲ," ಅಂದೆ.

ಅವಳು ಎಲೆ ಬಿಟ್ಟು ಎದ್ದುಹೋದಳು. ನಾನು ಊಟ ಮುಗಿಸಿ, ಕೈ ತೊಳೆದು, ಡ್ಯೂಟಿಗೆ ಹೊರಟೆ.