ಲಿಂಬೆಹಣ್ಣಿಗೆ ಹೆದರಿದ ಟ್ಯಾಂಕು

ಕಾರ್ಕಳದಲ್ಲಿ ನಾನು ಕೆಲಸ ಮಾಡುವ ಗ್ಯಾರೇಜಿನಲ್ಲಿ ಅಂದು ಆಯುಧ ಪೂಜೆ. ಸ್ಪ್ಯಾನರು, ಜಾಕು ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದೆವು. ಮನೆಯಲ್ಲಿ ನಾನೇ ಬಿಡಿಭಾಗ ಜೋಡಿಸಿ ಮಾಡಿದ ಇಸ್ರೇಲಿನ ಮೆರ್ಕವಾ ಟ್ಯಾಂಕಿನ ಮಾದರಿಯನ್ನು ಎಲ್ಲರಿಗೂ ತೋರಿಸಲೆಂದು ತಂದಿದ್ದೆ. ಪ್ಲಾಸ್ಟಿಕ್ಕಿನದ್ದು, ಒಂದು ಮೊಳ ಉದ್ದವೂ ಇಲ್ಲ.

ಪೂಜೆಗೆಂದು ಕಾರು ತಂದ ಗಿರಾಕಿಯೊಬ್ಬರು ಟ್ಯಾಂಕಿನ ಚೈನಿನೆದುರು ಲಿಂಬೆಹಣ್ಣು ಇಟ್ಟು ಮೊಬೈಲು ಹಿಡಿದರು. "ಇದರ ಮೇಲೆ ಹತ್ತಿಸಿ, ವಿಡಿಯೋ ಮಾಡುತ್ತೇನೆ."

"ಇಲ್ಲ."

"ಎಂತ ಮಾರಾಯ್ರೆ, ಇಸ್ರೇಲಿನ ಟ್ಯಾಂಕಿಗೆ ಲಿಂಬೆಹಣ್ಣಿನ ಹೆದರಿಕೆಯಾ?"

"ಹೌದು. ಆ ಚೈನಿನ ಒಂದೊಂದು ಕೊಂಡಿಯನ್ನೂ ಚಿಮಟದಲ್ಲಿ ಹಿಡಿದು ಅಂಟಿಸಿದ್ದೇನೆ. ಒತ್ತಿದರೆ ಮುರಿಯುತ್ತದೆ."

"ಯುದ್ಧದ ಸಾಮಾನು ಅಲ್ವಾ? ಕುಂಕುಮವಾದರೂ ಹಚ್ಚಿ."

"ಹಚ್ಚು, ಅವರು ಹೇಳುತ್ತಿದ್ದಾರಲ್ಲ," ಎಂದರು ನಮ್ಮ ಧಣಿ.

ನಾನು ಟ್ಯಾಂಕನ್ನು ಎತ್ತಿ ಪೆಟ್ಟಿಗೆಯೊಳಗೆ ಇಟ್ಟೆ. ಅದೇ ಪೆಟ್ಟಿಗೆಯಲ್ಲಿದ್ದ ಚಿಮಟವನ್ನು ತೆಗೆದು ಸ್ಪ್ಯಾನರುಗಳ ಪಕ್ಕ ಇಟ್ಟು, ಅದಕ್ಕೆ ಕುಂಕುಮ ಹಚ್ಚಿದೆ.

"ನನ್ನ ಆಯುಧ ಇದು," ಎಂದೆ.

ಗಿರಾಕಿ ಮುಖ ದಪ್ಪ ಮಾಡಿಕೊಂಡು, ತಮ್ಮ ಕಾರಿನ ನಾಲ್ಕು ಚಕ್ರದಡಿ ನಾಲ್ಕು ಲಿಂಬೆ ಜಜ್ಜಿ ಹೋದರು. ನನ್ನ ಟ್ಯಾಂಕು ಈವರೆಗೆ ಒಂದು ಲಿಂಬೆಹಣ್ಣನ್ನೂ ಜಜ್ಜಿಲ್ಲ. ಯುದ್ಧಕ್ಕೆ ಹೋದ ನಿಜವಾದ ಯಾವ ಮೆರ್ಕವಾ ತಾನು ಏನನ್ನೂ ಜಜ್ಜಿಲ್ಲ ಎಂದು ಹೇಳಿಕೊಳ್ಳುತ್ತದೋ, ನೋಡುವ.