ಹಸಿರು ಗೆರೆಯ ಪೆಟ್ಟಿಗೆ

ಮೊನ್ನೆ ದಿಲ್‌ಸುಖ್‌ನಗರದ ಮೆಟ್ರೋ ಮೆಟ್ಟಿಲ ಕೆಳಗಿನ ಮೊಬೈಲ್ ರಿಪೇರಿ ಅಂಗಡಿಯಿಂದ ಬೆಸುಗೆಯ ರಾಳ ಸುಟ್ಟ ವಾಸನೆ ಬಂತು. ತರಕಾರಿ ಚೀಲ ಹಿಡಿದವಳು ಅಲ್ಲೇ ನಿಂತೆ. ಹಿಂದಿದ್ದವರು ತೆಲುಗಿನಲ್ಲಿ ‘ಜರಗಮ್ಮಾ’, ಸರಿಯಮ್ಮಾ ಎಂದು ಗದರಿದರೂ ಕಾಲು ಏಳಲಿಲ್ಲ. ನಮ್ಮ ಮೇಲಿನ ಮನೆಯ ಕಾಕಾ ನೆನಪಾದರು…

ಕಾಕಾ ವಿಜಯಪುರದ ಕಡೆಯವರು. ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಮನೆಯಲ್ಲೂ ಅದೇ ಹುಚ್ಚು. ಯಾರಿಗೂ ಬೇಡವಾದ, ಹಳೇ ರೇಡಿಯೋ ಕಾಲದ ವಾಲ್ವಿನ ಉಪಕರಣಗಳನ್ನು ತಂದು, ಬಿಚ್ಚಿ, ಜೀವ ತುಂಬುವುದು. ಕರೆಂಟ್ ಇದ್ದಾಗ ಒಳಗೆ ಕೈ ಹಾಕಬೇಕಾದರೆ ಎಡಗೈ ಕಿಸೆಯಲ್ಲೇ ಇರಬೇಕು. ಎರಡೂ ಕೈ ತಾಗಿದರೆ ಶಾಕ್ ಎದೆಯ ಮೂಲಕ ಹಾಯುತ್ತದಂತೆ. ರಿಪೇರಿ ಮುಗಿದ ಮೇಲೆ ಏನು ಕೆಟ್ಟಿತ್ತು, ಏನು ಮಾಡಿದೆ ಎಂದು ಚೀಟಿ ಬರೆದು ಮುಚ್ಚಳದ ಒಳಮೈಗೆ ಅಂಟಿಸುತ್ತಿದ್ದರು. ‘ಮುಂದ ಬಿಚ್ಚಾಂವಗ ಗೊತ್ತಾಗಬೇಕಲ್ಲ’ ಎನ್ನುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ‘ನನ್ನ ಕೆಟ್ಟ ಮೊಣಕಾಲಿಗೂ ಒಂದು ಚೀಟಿ ಅಂಟಿಸ್ರಿ’ ಎಂದು ಛೇಡಿಸುತ್ತಿದ್ದರು.

ಆ ಉಪಕರಣಗಳಲ್ಲಿ ಒಂದು ಆಸಿಲೋಸ್ಕೋಪು. ಕರೆಂಟಿನ ಏರಿಳಿತವನ್ನು ಗುಂಡನೆಯ ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಭಾರದ ಪೆಟ್ಟಿಗೆ. ಕಾಕಾ ಕೆಲಸ ಕಲಿತದ್ದೇ ಅದರ ಮೇಲೆ. ಕಾರ್ಖಾನೆ ಅದನ್ನು ಗುಜರಿಗೆ ಹಾಕಿದಾಗ ಬೇಡಿ ತಂದಿದ್ದರು. ಎರಡು ವರ್ಷ ಹೆಣಗಾಡಿ, ಒಂದು ದಸರೆಯ ಹೊತ್ತಿಗೆ ಗೆರೆ ಮೂಡಿಸಿದರು. ಅಷ್ಟರಲ್ಲಿ ಕೈ ನಡುಗಲು ಶುರುವಾಗಿತ್ತು. ಇದೇ ನನ್ನ ಕಡೇ ರಿಪೇರಿ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಆಯುಧಪೂಜೆಯ ದಿನ ಕಾಕುವಿಗೆ ಮೊಣಕಾಲು ನೋವೆಂದು ಪೂಜೆಗೆ ನಾನು ಹೋದೆ. ಶಾಸ್ತ್ರ, ಸಂಪ್ರದಾಯ ಎಂದರೆ ನಾನು ಎತ್ತಿದ ಕೈ. ಕಾಕಾ ಬೂದುಗುಂಬಳ ತರಲು ಹೋಗಿದ್ದರು. ಇಕ್ಕಳ, ಸ್ಕ್ರೂಡ್ರೈವರುಗಳಿಗೆಲ್ಲ ಕುಂಕುಮ ಹಚ್ಚಿದೆ. ಸ್ಕೋಪು ದೊಡ್ಡದು, ಮರ್ಯಾದೆಯೂ ದೊಡ್ಡದಿರಲಿ ಎಂದು ಅದರ ಮೇಲೆ ಹೂವಿನಿಂದ ಅರಿಸಿನದ ನೀರನ್ನು ಧಾರಾಳವಾಗಿ ಸಿಂಪಡಿಸಿದೆ. ಮೇಲೆ ಗಾಳಿಯಾಡುವ ತೂತುಗಳಿವೆ ಎಂಬುದು ನನ್ನ ತಲೆಗೇ ಹೋಗಲಿಲ್ಲ! ಕಾಕಾ ಬಂದು, ದೇವಿಗೂ ಗೆರೆ ತೋರಿಸೋಣ ಎಂದು ಸ್ವಿಚ್ ಹಾಕಿದರು. ಚಟ್ ಎಂದಿತು, ಹೊಗೆ ಬಂತು. ಅವರು ಪ್ಲಗ್ ಕೀಳಲು ಬಗ್ಗಿದಾಗ ನಾನು ಸೆರಗಿನಿಂದ ಹಳದಿ ಹನಿಗಳನ್ನು ಒರೆಸಿಬಿಟ್ಟೆ. ಯಾಕೆ ಒರೆಸಿದೆ? ಹೆದರಿಕೆ, ಇನ್ನೇನು.

‘ಹಳೇದೈತಿ, ಹೋಗ್ತೈತಿ ಬಿಡವಾ’ ಎಂದರು ಕಾಕಾ. ಅಂದು ಅವರು ಹೋಳಿಗೆ ಮುಟ್ಟಲಿಲ್ಲ.

ಸುಟ್ಟದ್ದು ಕೂದಲಿನಷ್ಟು ಸಣ್ಣ ತಂತಿಯ ಸುರುಳಿ. ಕೋಠಿ ಬಜಾರಿನ ಎಲೆಕ್ಟ್ರಾನಿಕ್ ಅಂಗಡಿಗಳನ್ನೆಲ್ಲ ಸುತ್ತಿದರೂ ಅಂಥದ್ದು ಸಿಗಲಿಲ್ಲ. ಕೈಯಿಂದಲೇ ಸುತ್ತಲು ಕೂತರು. ಬೆರಳು ನಡುಗಿ ತಂತಿ ಹರಿಯುವುದು, ಮತ್ತೆ ಮೊದಲಿನಿಂದ ಶುರು. ಚಳಿಗಾಲವೆಲ್ಲ ಹೀಗೇ… ನಾನು ಚಹಾ ಒಯ್ಯುತ್ತಿದ್ದೆ, ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ, ಖಾಲಿ ಕಪ್ಪು ಎತ್ತಿಕೊಂಡು ಕೆಳಗಿಳಿಯುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಗೆರೆ ಮತ್ತೆ ಮೂಡಿತು. ಕಾಕಾ ಮೊದಲು ಕರೆದದ್ದು ನನ್ನನ್ನೇ.

‘ನೋಡು, ಬಂತು. ಇನ್ನ ಮಾರಿ ಸಣ್ಣದು ಮಾಡ್ಕೊಂಡು ತಿರಗಬ್ಯಾಡ.’

ನನ್ನ ಮುಖದ ಮಾತು ಅವರೇಕೆ ಎತ್ತಿದರೆಂದು ಆಗ ಹೊಳೆಯಲಿಲ್ಲ. ನನ್ನ ಗುಟ್ಟು ಉಳಿಯಿತು ಎಂದು ಸಮಾಧಾನಪಟ್ಟುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುಂದಿನ ದಸರೆಗೆ ಕಾಕಾ ಇರಲಿಲ್ಲ. ಕಾಕು ತಮ್ಮನ ಮನೆಗೆ ಹೊರಟಾಗ, ಕಾಕಾ ಹೇಳಿಹೋಗಿದ್ದರೆಂದು ಸ್ಕೋಪನ್ನು ನನಗೆ ಕೊಟ್ಟರು. ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟೆ. ನನ್ನ ಕೈಯಾರೆ ಸುಟ್ಟದ್ದನ್ನು ಬಿಚ್ಚಿ ನೋಡುವ ಧೈರ್ಯ ಇಷ್ಟು ವರ್ಷ ಬರಲಿಲ್ಲ.

ಮೊನ್ನೆ ಮನೆಗೆ ಬಂದವಳೇ ಚೀಲ ಇಟ್ಟು ಸ್ಕ್ರೂಡ್ರೈವರ್ ಹುಡುಕಿದೆ. ಮುಚ್ಚಳದ ಒಳಮೈಯಲ್ಲಿ ಅರಿಸಿನದ ಕಲೆ ಹಾಗೇ ಇತ್ತು. ಅದರ ಪಕ್ಕದಲ್ಲೇ ಸೊಟ್ಟ ಅಕ್ಷರದ ಚೀಟಿ:

‘ಸುರುಳಿ ಸುಟ್ಟಿತ್ತು, ಕೈಲೆ ಸುತ್ತೀನಿ. ತಪ್ಪು ನಂದು. ಪೂಜಿಗೆ ಇಟ್ಟಾಗ ಮ್ಯಾಲೆ ಬಟ್ಟಿ ಹೊಚ್ಚಬೇಕಿತ್ತು.’

ಬಿಚ್ಚಿದ ದಿನವೇ ಗೊತ್ತಾಗಿತ್ತು ಅವರಿಗೆ. ಗೊತ್ತಿದ್ದೂ ಚಳಿಗಾಲವಿಡೀ ನನ್ನ ಕೈಯ ಚಹಾ ಕುಡಿದಿದ್ದರು. ತಪ್ಪಾಯಿತು ಕಾಕಾ ಎನ್ನಲು ಈಗ ಮೆಟ್ಟಿಲು ಹತ್ತಿದರೆ, ಮೇಲಿನ ಮನೆಯ ಬಾಗಿಲು ತೆರೆಯುವವರು ಬೇರೆ ಯಾರೋ…