ಅಳತೆ ಪುಸ್ತಕದಲ್ಲಿ ಮಗಳ ಪುಟ

ನನ್ನ ತಂಗಿ ಬಟ್ಟೆ ಹೊಲಿಯುವವಳು. ಕೂತಲ್ಲಿ ಕೂರುವ ಜಾಯಮಾನದವಳೇ ಅಲ್ಲ. ಊಟದ ಹೊತ್ತಿಗಂತೂ ಅವಳಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ. ಗುಂಡಿ ಹಚ್ಚಬೇಕು, ಇಸ್ತ್ರಿ ಹಾಕಬೇಕು. ಹದಿನಾರನೇ ವಯಸ್ಸಿನಿಂದ ಇದೇ ಆಟ. ತೆಳ್ಳಗಾಗುವ ಹುಚ್ಚು ಅಂತ ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಅದು ಕಾಯಿಲೆ ಅಂತ ಡಾಕ್ಟರು ಹೇಳುವಷ್ಟರಲ್ಲಿ ಅವಳಿಗೆ ಮೂವತ್ತೆಂಟಾಗಿತ್ತು. ನನಗೆ ನಾಚಿಕೆಯಾಯಿತು, ಬಾಯಿ ಮಾತ್ರ ಸುಮ್ಮನಾಗಲಿಲ್ಲ.

ಊಟ ಬಿಡುವ ಈ ಕಾಯಿಲೆ ವಂಶವಾಹಿಯಲ್ಲೇ ಬರುತ್ತದೆಯೇ ಅಂತ ದೊಡ್ಡಾಸ್ಪತ್ರೆಯವರು ಸಂಶೋಧನೆ ನಡೆಸುತ್ತಿದ್ದರು. ಇವಳು ತಾನಾಗಿಯೇ ಹೋಗಿ ಹೆಸರು ಕೊಟ್ಟು ಬಂದಳು. ಹದಿನಾಲ್ಕರ ಮಗಳಿದ್ದಾಳೆ. ತನ್ನದು ಅವಳಿಗೂ ಹೋಗಿರಬಹುದೇ ಅನ್ನುವುದೊಂದೇ ಚಿಂತೆ.

ಅಂಚೆಯಲ್ಲಿ ಉಗುಳು ತುಂಬುವ ಕೊಳವೆ ಬಂತು, ಜೊತೆಗೆ ಹನ್ನೆರಡು ಪುಟ ಪ್ರಶ್ನೆ.

“ಅರ್ಧ ಗಂಟೆ ಮುಂಚೆಯಿಂದ ಏನೂ ತಿನ್ನಬಾರದಂತೆ ಅಕ್ಕ.”

“ನಿನಗೆ ಅದೇನು ಮಹಾ ಕಷ್ಟ ಬಿಡು!” ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಪುಣ್ಯಕ್ಕೆ ಅವಳು ನಕ್ಕಳು.

ಮಗಳ ವಿಷಯ ಕೇಳೋಣವೆಂದು ತಂಗಿ ಆಸ್ಪತ್ರೆಗೆ ಫೋನು ಮಾಡಿದರೆ ನರ್ಸು, “ಸಾವಿರಾರು ಜನರದ್ದು ಸೇರಿಸಿ ನೋಡ್ತೀವಮ್ಮ. ಒಬ್ಬೊಬ್ಬರಿಗೆ ಅಂತ ಏನೂ ಹೇಳಲ್ಲ” ಅಂದಳು. ನನಗೆ ಮೈಯೆಲ್ಲ ಉರಿಯಿತು. ತಂಗಿ ಮಾತ್ರ, “ಇನ್ಯಾರ ಮಗಳಿಗಾದ್ರೂ ಉಪಯೋಗವಾಗ್ಲಿ” ಅಂತ ಕೊಳವೆ ಕಳಿಸಿಯೇಬಿಟ್ಟಳು.

ಉಳಿದದ್ದು ಪ್ರಶ್ನೆಗಳು. ಯಾವ ವಯಸ್ಸಿನಲ್ಲಿ ತೂಕ ಎಷ್ಟಿತ್ತು? ಇವಳು ತಕ್ಕಡಿ ಹತ್ತಿದವಳೇ ಅಲ್ಲ. ಆದರೆ ಗಿರಾಕಿಗಳ ಅಳತೆ ಪುಸ್ತಕದಲ್ಲಿ ತನಗೂ ಒಂದು ಪುಟ ಇಟ್ಟಿದ್ದಳು. ಸೊಂಟದ ಅಳತೆಯನ್ನೇ ಬರೆದು ಕಳಿಸುತ್ತೇನೆಂದು ತೆರೆದಳು. ಪಕ್ಕದ ಪುಟ ಮಗಳದ್ದು. ಶಾಲೆಯ ಲಂಗಕ್ಕೆ ಒಂದೇ ವರ್ಷದಲ್ಲಿ ಮೂರು ಸಲ ಸೊಂಟದ ಅಳತೆ, ಇಂಚಿನಲ್ಲಿ: ಇಪ್ಪತ್ತಾರು, ಇಪ್ಪತ್ತೈದು, ಇಪ್ಪತ್ತಮೂರೂವರೆ. ಹುಡುಗಿ ಎತ್ತರವಾಗಿದ್ದಳು. ತಾಯಿ ಅಂಚು ಬಿಚ್ಚಿ ಉದ್ದ ಮಾಡಿದ್ದಳು, ಸೊಂಟವನ್ನು ಒಳಕ್ಕೆ ಹಿಡಿದು ಹೊಲಿದಿದ್ದಳು.

“ಅಕ್ಕ, ಮೂರು ಸಲವೂ ನಾನೇ ಟೇಪು ಹಿಡ್ದಿದ್ದು. ನನ್ನ ಕಣ್ಣಿಗೇನಾಗಿತ್ತೇ?”

ಅಷ್ಟು ದಿನ ಬಾಯಿಗೆ ಬಂದದ್ದೆಲ್ಲ ಅಂದ ನಾನು ಪುಸ್ತಕ ಎಳೆದುಕೊಂಡು ಆ ಮೂರು ಅಳತೆಗಳನ್ನು ಮತ್ತೆ ಓದಿದೆ.

ಮಗಳು ಶಾಲೆಯಿಂದ ಬರುವ ಹೊತ್ತಿಗೆ ತಂಗಿ ಒಳಗೂ ಹೊರಗೂ ಹತ್ತು ಸಲ ಓಡಾಡಿದ್ದಳು. ಎರಡು ತಟ್ಟೆಗೆ ಬಡಿಸಿ, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡಳು.

“ನೀನು ಊಟ ಬಿಡ್ತಿದ್ದೀಯ, ನಂಗೆ ಗೊತ್ತಾಯ್ತು. ಬೈಯಲ್ಲ ಕಣೇ. ಇಪ್ಪತ್ತೆರಡು ವರ್ಷದಿಂದ ನನ್ನದೂ ಇದೇ ಕಾಯಿಲೆ.”

“ಗೊತ್ತಮ್ಮ,” ಅಂದಳು ಹುಡುಗಿ. “ನೀನು ತಿಂದಿದ್ದು ನಾನು ಯಾವತ್ತು ನೋಡಿದ್ದೀನಿ?”

ತಂಗಿ ತುತ್ತು ಕಲಸಿ ಬಾಯಿಗಿಟ್ಟುಕೊಂಡಳು. ನುಂಗುವವರೆಗೂ ಮಗಳು ಅವಳ ಗಂಟಲನ್ನೇ ನೋಡುತ್ತಿದ್ದಳು.